ಹವ್ಯಾಸಿಯ ಬರವಣಿಗೆಯೂ ಪರೀಕ್ಷಕನ ಕೆಂಪು ಮಸಿಯೂ

ಒಳ್ಳೆಯ ಕಾವ್ಯ ಯಾವುದು, ಕೆಟ್ಟ ಕಾವ್ಯ ಯಾವುದು ಎಂಬ ವಿಚಾರದಲ್ಲಿ ನಮ್ಮ ಹಿರಿಯರು ಸಾವಿರ ವರ್ಷಗಳಿಗೂ ಮಿಕ್ಕಿ ಚರ್ಚೆ ನಡೆಸಿದ್ದಾರೆ. ಗುಣವೆಂದರೇನು, ದೋಷವೆಂದರೇನು, ರೀತಿ ಯಾವುದು, ಧ್ವನಿ ಯಾವುದು ಎಂದು ಕೇಳಿದರೆ ನಮ್ಮ ಬಿ.ಎ. ತರಗತಿಯ ವಿದ್ಯಾರ್ಥಿಯೂ ಪರೀಕ್ಷೆಗೆ ಬೇಕಾದಷ್ಟನ್ನು ಹೇಳಬಲ್ಲನು. ಆದರೆ ಕವಿಯಲ್ಲದ, ಕಥೆಗಾರನಲ್ಲದ, ಸಾಹಿತಿ ಎನ್ನಿಸಿಕೊಳ್ಳುವ ಹಂಬಲವೂ ಇಲ್ಲದ ಒಬ್ಬ ಸಾಮಾನ್ಯ ಮನುಷ್ಯನು ಹಗಲಿನ ದುಡಿಮೆ ಮುಗಿಸಿ, ರಾತ್ರಿ ದೀಪದ ಮುಂದೆ ಕುಳಿತು, ತನ್ನ ಬಾಳಿನ ಒಂದು ಸಂಗತಿಯನ್ನು ಬರೆದು ತಂದು ‘ಹೇಗಿದೆ, ನೋಡಿರಿ’ ಎಂದು ನಮ್ಮ ಮುಂದಿಟ್ಟರೆ, ಅದನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಈ ಪ್ರಶ್ನೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಉತ್ತರವಿಲ್ಲ. ಉತ್ತರವಿಲ್ಲದಿದ್ದರೂ ತೂಗುವ ಕೆಲಸವನ್ನು ನಾವು ನಿಲ್ಲಿಸಿಲ್ಲ. ಅದರಿಂದ ಆಗುವ ಅನ್ಯಾಯ ಎಂತಹದೆಂಬುದನ್ನು ನನ್ನದೇ ಒಂದು ತಪ್ಪಿನ ಮೂಲಕ ವಾಚಕರ ಮುಂದೆ ಇಡಬೇಕೆಂದು ಈ ಬರಹಕ್ಕೆ ಕೈ ಹಾಕಿದ್ದೇನೆ.

ಇಂದು ಈ ಪ್ರಶ್ನೆಗೆ ಹಿಂದಿಗಿಂತಲೂ ಹೆಚ್ಚಿನ ತುರ್ತು ಒದಗಿದೆ. ಒಂದು ಕಾಲದಲ್ಲಿ ಬರೆದದ್ದು ಓದುಗನನ್ನು ಮುಟ್ಟಬೇಕಾದರೆ ಸಂಪಾದಕನ ಹೊಸ್ತಿಲನ್ನೂ ಮುದ್ರಕನ ಹೊಸ್ತಿಲನ್ನೂ ದಾಟಬೇಕಾಗಿತ್ತು. ಈಗ ಅಂಗೈಯಗಲದ ದೂರವಾಣಿಯಲ್ಲಿಯೇ ಕನ್ನಡ ಅಕ್ಷರ ಮೂಡುತ್ತದೆ. ಬರೆದ ಗಳಿಗೆಯಲ್ಲಿಯೇ ನೂರು ಮಂದಿ ಓದುತ್ತಾರೆ. ರೈತರು, ದಾದಿಯರು, ಬಸ್ಸಿನ ನಿರ್ವಾಹಕರು, ನಿವೃತ್ತ ಮಾಸ್ತರರು, ಗೃಹಿಣಿಯರು ತಮ್ಮ ತಮ್ಮ ಬದುಕನ್ನು ತಾವೇ ಬರೆಯುತ್ತಿದ್ದಾರೆ. ಇದನ್ನು ಕಂಡು ‘ಎಲ್ಲರೂ ಬರೆಯತೊಡಗಿದರೆ ಸಾಹಿತ್ಯದ ಗತಿಯೇನು?’ ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ‘ಜನ ಬರೆದದ್ದೆಲ್ಲ ಚೆನ್ನ’ ಎಂದು ಚಪ್ಪಾಳೆ ತಟ್ಟುವ ಉದಾರಿಗಳೂ ಇದ್ದಾರೆ. ನಾನು ಈ ಎರಡು ಗುಂಪಿನಲ್ಲಿಯೂ ಒಂದೊಂದು ಕಾಲ ನಿಂತು ಬಂದವನು. ಎರಡೂ ಕಡೆಗೆ ಬರಹವನ್ನು ಓದುವವರು ಕಡಿಮೆ ಎಂಬುದು ನನ್ನ ಅನುಭವ.

ಇನ್ನು ಪ್ರಸಂಗವನ್ನು ಹೇಳುತ್ತೇನೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಹರಿದು ಗೋಕಾಕ, ಮೂಡಲಗಿ, ಹುಕ್ಕೇರಿಯ ಸೀಮೆಯನ್ನು ನಡುಗಿಸಿದ್ದು ವಾಚಕರ ನೆನಪಿನಲ್ಲಿರಬಹುದು. ಆ ವರ್ಷದ ಚಳಿಗಾಲದಲ್ಲಿ ಘೋಡಗೇರಿಯ ಕಡೆಯ ಕೆಲವು ಸಾಹಿತ್ಯಾಭಿಮಾನಿ ಮಿತ್ರರು ಸೇರಿ, ನೆರೆಯನ್ನು ಕಂಡವರು ತಮ್ಮ ಅನುಭವವನ್ನು ಬರೆದು ಕೊಡಬೇಕು, ಉತ್ತಮವಾದವುಗಳಿಗೆ ಬಹುಮಾನ ಕೊಡೋಣ ಎಂದು ಗೊತ್ತುಮಾಡಿದರು. ಪರೀಕ್ಷಕನಾಗಿ ನನ್ನನ್ನು ಕರೆದರು. ಕನ್ನಡ ಎಂ.ಎ. ಮಾಡಿದವನು, ಹತ್ತಾರು ವರ್ಷ ಉತ್ತರಪತ್ರಿಕೆ ತಿದ್ದಿದವನು, ನನಗಿಂತ ತಕ್ಕವನು ಯಾರಿದ್ದಾನು ಎಂಬ ಭಾವನೆ ಅವರಲ್ಲಿತ್ತು. ನಿಜ ಹೇಳಬೇಕೆಂದರೆ, ನನ್ನಲ್ಲಿಯೂ ಇತ್ತು.

ಬಂದ ಬರಹಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ. ಮೊದಲನೆಯದು ಒಬ್ಬ ತರುಣನದು. ಮುತ್ತು ಪೋಣಿಸಿದಂತಹ ಅಕ್ಷರ. ನದಿ ಅದರಲ್ಲಿ ‘ರೌದ್ರರೂಪ ತಾಳಿದ ಮಹಾಕಾಳಿ’ ಆಗಿತ್ತು; ಮಳೆ ‘ಗಗನದೇವಿಯ ಕಣ್ಣೀರು’ ಆಗಿತ್ತು; ಕೊನೆಯಲ್ಲಿ ಮಾನವನು ಪ್ರಕೃತಿಯ ಮುಂದೆ ಎಷ್ಟು ಅಲ್ಪನೆಂಬ ನೀತಿ ಇತ್ತು. ವ್ಯಾಕರಣದೋಷ ಒಂದೂ ಇರಲಿಲ್ಲ. ಎರಡನೆಯದು ನದಿಯ ದಂಡೆಯ ಒಂದು ಹಳ್ಳಿಯ ಒಕ್ಕಲಿಗನದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯ. ಮಕ್ಕಳ ಹಳೆಯ ಗಣಿತದ ನೋಟುಬುಕ್ಕಿನ ಉಳಿದ ಹಾಳೆಗಳಲ್ಲಿ, ಆಡಿದ ಹಾಗೆಯೇ ಬರೆದಿದ್ದ. ಪೂರ್ಣವಿರಾಮಗಳಿಗೂ ಅವನಿಗೂ ಪರಿಚಯವಿದ್ದಂತೆ ತೋರಲಿಲ್ಲ.

ಆದರೆ ಅವನು ಬರೆದದ್ದೇನು? ನೀರು ಹೊಳೆಯ ಕಡೆಯಿಂದ ಬಂದೀತೆಂದು ಊರೆಲ್ಲ ಅತ್ತ ಕಣ್ಣಿಟ್ಟು ಕುಳಿತಿರುವಾಗ, ಅದು ಹಿತ್ತಲ ಹಿಂದಿನ ಹಳ್ಳ ಹಿಡಿದು ಬೆನ್ನ ಹಿಂದಿನಿಂದ ಬಂದಿತು ಎಂದು ಬರೆದಿದ್ದ. ಮುಳುಗಿದ ಕಬ್ಬಿನ ಸುಳಿಯ ಮೇಲೆ ಹಾವುಗಳು ಸುತ್ತಿಕೊಂಡು ಕುಳಿತಿದ್ದುವು, ತಾನು ಅವುಗಳ ಪಕ್ಕದಲ್ಲಿಯೇ ಈಸಿಕೊಂಡು ಹೋದರೂ ಅವೂ ಹೆದರಲಿಲ್ಲ, ತಾನೂ ಹೆದರಲಿಲ್ಲ ಎಂದು ಬರೆದಿದ್ದ. ನೀರು ಇಳಿಯುವುದನ್ನು ಅಳೆಯಲು ಒಂದು ಕೋಲಿಗೆ ಕಚ್ಚು ಹಾಕಿ ನೆಟ್ಟು, ತಾಸಿಗೊಮ್ಮೆ ನೋಡಿ ಬಂದದ್ದನ್ನು ಬರೆದಿದ್ದ. ವಾರದ ಮೇಲೆ ಮನೆಗೆ ಹಿಂದಿರುಗಿದಾಗ ಜೋಳದ ಚೀಲಗಳು ಹಸುರಾಗಿ ನಿಂತಿದ್ದುವಂತೆ. ಕಾಳು ಮೊಳೆತು ಗೋಣಿಯ ನೂಲುಗಳ ನಡುವಿನಿಂದ ಹೊರಗೆ ಬಂದಿದ್ದುವು. ‘ಬಿತ್ತಲಾರದ ಬೆಳೀತು’ ಎಂದು ಆ ಮಾತಿಗೆ ಮುಕ್ತಾಯ ಹಾಡಿದ್ದ. ಇವುಗಳ ನಡುವೆ, ನೀರು ಬಂದ ರಾತ್ರಿಯ ವರ್ಣನೆಯಲ್ಲಿ, ಒಂದು ವಾಕ್ಯವಿತ್ತು: ‘ಎಮ್ಮಿ ಬಿಚ್ಚಿದ ಮ್ಯಾಲ ಅವ್ವನ ನೆನಪಾತು.’

ನಾನು ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದೆನು. ಅಂಚಿನಲ್ಲಿ ‘ಔಚಿತ್ಯಭಂಗ’ ಎಂದು ಬರೆದೆನು. ಹೆತ್ತ ತಾಯಿಗಿಂತ ಮೊದಲು ಎಮ್ಮೆಯನ್ನು ನೆನೆದೆ ಎಂದು ಒಬ್ಬ ಮಗನು ಹೇಳಬಹುದೆ? ಹೇಳಿದರೂ ಬರೆಯಬಹುದೆ? ಬರೆದರೂ ಬಹುಮಾನದ ಲೇಖನದಲ್ಲಿ ಇರಬಹುದೆ? ಅಷ್ಟಕ್ಕೇ ನಿಲ್ಲಲಿಲ್ಲ. ‘ಗ್ರಾಮ್ಯ ಪದಗಳನ್ನು ಬಿಡುವುದು. ಭಾಷೆ ಶಿಷ್ಟವಾಗಿರಲಿ. ಉಪಮೆಗಳನ್ನು ಬಳಸುವುದು’ ಎಂದು ಉಪದೇಶವನ್ನೂ ಸೇರಿಸಿದೆನು. ಮೊದಲ ಬಹುಮಾನ ಮಹಾಕಾಳಿಗೆ ಹೋಯಿತು. ಒಕ್ಕಲಿಗನಿಗೆ ಪ್ರೋತ್ಸಾಹಕ್ಕೆಂದು ಏನೋ ಒಂದು ಪುಸ್ತಕ ಕೊಟ್ಟು ಕಳಿಸಿದೆವು.

2022ರಲ್ಲಿ ಅವನು ನನ್ನನ್ನು ಹುಡುಕಿಕೊಂಡು ಬಂದನು. ಕೈಯಲ್ಲಿ ಹೊಸ ನೋಟುಬುಕ್ಕು. ‘ನೀವು ಹೇಳಿದಂಗ ತಿದ್ದಿ ಬರದೀನ್ರಿ, ಸರ’ ಎಂದನು. ಆ ರಾತ್ರಿ ಓದಲು ಕುಳಿತೆನು. ಹಳ್ಳ ಹಿಡಿದು ಬಂದ ನೀರು ಹೋಗಿತ್ತು; ಹಾವುಗಳು ಹೋಗಿದ್ದುವು; ಕಚ್ಚು ಹಾಕಿದ ಕೋಲು ಹೋಗಿತ್ತು. ಅವುಗಳ ಜಾಗದಲ್ಲಿ ‘ಜಲಪ್ರಳಯದ ರುದ್ರನರ್ತನ’ ಬಂದಿತ್ತು. ‘ಮಾತೃದೇವತೆಯನ್ನು ಮೊಟ್ಟಮೊದಲು ಹೆಗಲ ಮೇಲೆ ಹೊತ್ತು’ ಮಗನು ದಡ ಸೇರಿದ್ದನು. ವಾಕ್ಯಗಳು ನೆಟ್ಟಗಿದ್ದುವು, ವಿರಾಮಚಿಹ್ನೆಗಳು ತಮ್ಮ ತಮ್ಮ ಸ್ಥಾನದಲ್ಲಿದ್ದುವು. ಓದುತ್ತ ಓದುತ್ತ ಈ ಶೈಲಿಯನ್ನು ಎಲ್ಲಿಯೋ ಕಂಡಿದ್ದೇನಲ್ಲಾ ಎನಿಸಿತು. ಅದು ನನ್ನದು. ನಾನು ಕಾಲೇಜಿನ ವಾರ್ಷಿಕ ಸಂಚಿಕೆಗಳಿಗೆ ಇಪ್ಪತ್ತು ವರ್ಷ ಬರೆದುಕೊಂಡು ಬಂದ ಕನ್ನಡ. ಒಬ್ಬ ಮನುಷ್ಯನು ಕಣ್ಣಾರೆ ಕಂಡದ್ದನ್ನು ಅಳಿಸಿ, ಅದರ ಮೇಲೆ ನನ್ನ ಹಸ್ತಾಕ್ಷರವನ್ನು ನಾನು ಒತ್ತಿದ್ದೆನು.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ನನ್ನ ತಪ್ಪು ನಿರ್ದಿಷ್ಟವಾಗಿ ಎಲ್ಲಿತ್ತು? ಅವನ ಬರಹವನ್ನು ತೂಗಿದ್ದು ತಪ್ಪಲ್ಲ. ತೂಗುವುದಕ್ಕೆಂದೇ ಅವನು ಕೊಟ್ಟಿದ್ದನು. ಸಾಹಿತಿಯ ಬರಹಕ್ಕೆ ಮೀಸಲಾದ ತಕ್ಕಡಿಯಲ್ಲಿ, ಅದೂ ಆ ತಕ್ಕಡಿಯ ಅತ್ಯಂತ ಸವೆದ ಕಲ್ಲುಗಳಿಂದ, ತೂಗಿದ್ದು ತಪ್ಪು.

ನಮ್ಮ ಭಾಷೆಯ ಅತ್ಯಂತ ಹಳೆಯ ಉಪಲಬ್ಧ ಗ್ರಂಥವಾದ ಕವಿರಾಜಮಾರ್ಗವನ್ನು ಈ ದೃಷ್ಟಿಯಿಂದ ಮತ್ತೆ ನೋಡಿದೆನು. ಒಂಬತ್ತನೆಯ ಶತಮಾನದ ಆ ಕೃತಿಯು ಈ ನಾಡಿನ ಜನರನ್ನು ಹೊಗಳುವಾಗ, ಅವರು ಬೇಕೆಂದು ಕುಳಿತು ಓದದಿದ್ದರೂ ಕಾವ್ಯಪ್ರಯೋಗದಲ್ಲಿ ನುರಿತ ಬುದ್ಧಿಯುಳ್ಳವರು ಎನ್ನುತ್ತದೆ. ಈ ಪ್ರಶಂಸೆಯನ್ನು ನಾವು ಪ್ರತಿ ರಾಜ್ಯೋತ್ಸವದ ವೇದಿಕೆಯ ಮೇಲೆ ಹೇಳುತ್ತೇವೆ. ಆದರೆ ಆ ಪ್ರಶಂಸೆ ಬಂದಿರುವ ಪರಿಚ್ಛೇದ ಯಾವುದು? ದೋಷಗಳನ್ನು ಎಣಿಸಿ ವಿಚಾರ ಮಾಡುವ ಮೊದಲನೆಯ ಪರಿಚ್ಛೇದವೇ! ಓದದವನೂ ಬಲ್ಲನು ಎಂಬ ನಂಬಿಕೆ ಮತ್ತು ಬಲ್ಲವನೂ ತಪ್ಪುವನು ಎಂಬ ಎಚ್ಚರ, ಇವೆರಡೂ ಒಂದೇ ಪರಿಚ್ಛೇದದಲ್ಲಿ ಒಟ್ಟಿಗೆ ಬಾಳುತ್ತವೆ. ನಾವಾದರೋ ಇವನ್ನು ಎರಡು ಪಂಗಡ ಮಾಡಿಕೊಂಡಿದ್ದೇವೆ. ನಂಬುವವರಲ್ಲಿ ಎಚ್ಚರವಿಲ್ಲ, ಎಚ್ಚರವುಳ್ಳವರಲ್ಲಿ ನಂಬಿಕೆಯಿಲ್ಲ.

ನಂಬಿಕೆಯಿಲ್ಲದ ಎಚ್ಚರ ಏನು ಮಾಡುತ್ತದೆ ಎಂಬುದಕ್ಕೆ ಮುದ್ದಣನ ಬಾಳೇ ನಿದರ್ಶನ. ನಂದಳಿಕೆಯ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ವ್ಯಾಯಾಮದ ಶಿಕ್ಷಕನಾಗಿದ್ದವನು. ತಾನು ಬರೆದ ಕೃತಿಗಳನ್ನು ತನ್ನದೆಂದು ಹೇಳದೆ, ಹಳೆಯ ಓಲೆಗರಿಯಲ್ಲಿ ದೊರೆತ ಪ್ರಾಚೀನ ಕೃತಿಗಳೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳಿಸಿದನು. ರಾಮಾಶ್ವಮೇಧವು ಹಾಗೆಯೇ ಅಚ್ಚಾಯಿತು. 1901ರಲ್ಲಿ, ಮೂವತ್ತೊಂದರ ಎಳೆವಯಸ್ಸಿನಲ್ಲಿ, ಅವನು ತೀರಿಕೊಂಡನು. ಕೃತಿಯ ನಿಜವಾದ ಕರ್ತೃ ಯಾರೆಂಬುದು ಲೋಕಕ್ಕೆ ತಿಳಿದದ್ದು ಆಮೇಲೆ. ಆಟದ ಬಯಲಿನಲ್ಲಿ ಸೀಟಿ ಊದುವ ಮಾಸ್ತರನ ಬರಹವೆಂದು ತಿಳಿದಿದ್ದರೆ ಅಂದಿನ ವಿದ್ವಾಂಸರು ಅದನ್ನು ಅದೇ ಆದರದಿಂದ ಓದುತ್ತಿದ್ದರೆ? ಈ ಪ್ರಶ್ನೆಯನ್ನು ಇಂದಿಗೂ ಕೇಳಿಕೊಳ್ಳಬೇಕಾಗಿದೆ. ಬರೆದವನು ಯಾರು ಎಂದು ನೋಡಿ ಬರಹದ ಬೆಲೆ ಕಟ್ಟುವ ಚಾಳಿ ನಮ್ಮನ್ನು ಬಿಟ್ಟಿಲ್ಲ. ತಿರಸ್ಕಾರ ಮಾತ್ರವಲ್ಲ, ಕರುಣೆಯೂ ಬರೆದವನ ಮುಖ ನೋಡಿಯೇ ಹುಟ್ಟುತ್ತದೆ. ‘ಪಾಪ, ರೈತ; ಅಷ್ಟಾದರೂ ಬರೆದನಲ್ಲ’ ಎಂದು ಪ್ರೋತ್ಸಾಹದ ಪುಸ್ತಕ ಕೊಟ್ಟು ಕಳಿಸುವುದು ಬಹುಮಾನವಲ್ಲ; ಅದು ಸಭ್ಯತೆಯ ವೇಷ ತೊಟ್ಟ ಅವಮಾನ.

ಹಾಗಾದರೆ ಹವ್ಯಾಸಿಯ ಆತ್ಮೀಯ ಬರಹವನ್ನು ಅಳೆಯುವುದು ಹೇಗೆ? ನನಗೆ ತೋರಿದ ಮೂರು ಪರೀಕ್ಷೆಗಳನ್ನು ಹೇಳುತ್ತೇನೆ. ಇವು ಶಾಸ್ತ್ರವಲ್ಲ, ತಪ್ಪು ಮಾಡಿ ಕಲಿತವನ ಟಿಪ್ಪಣಿಗಳು.

ಮೊದಲನೆಯದನ್ನು ಹೆಸರು ಬದಲಿಸಿ ನೋಡುವ ಪರೀಕ್ಷೆ ಎನ್ನಬಹುದು. ಬಹುಮಾನ ಪಡೆದ ಆ ತರುಣನ ಲೇಖನದಲ್ಲಿ ಘಟಪ್ರಭೆಯ ಹೆಸರನ್ನು ಅಳಿಸಿ ಕೃಷ್ಣೆಯೆಂದು ಬರೆಯಿರಿ, ಕಾವೇರಿಯೆಂದು ಬರೆಯಿರಿ. ಒಂದಕ್ಷರವನ್ನೂ ಬೇರೆ ಬದಲಿಸಬೇಕಾಗುವುದಿಲ್ಲ. ಮಹಾಕಾಳಿ ಯಾವ ನದಿಗಾದರೂ ಬರುತ್ತಾಳೆ. ಒಕ್ಕಲಿಗನ ಬರಹದಲ್ಲಿ ಹಾಗೆ ಮಾಡಲು ಬಾರದು. ಹಿತ್ತಲ ಹಿಂದಿನ ಹಳ್ಳವನ್ನು ಎತ್ತಿ ಎಲ್ಲಿಡುವಿರಿ? ಬೇರೆ ಯಾರೂ ಹೇಳಲಾರದ ಯಾವ ಸಂಗತಿ ಈ ಬರಹದಲ್ಲಿದೆ ಎಂದು ಕೇಳುವುದೇ ಈ ಪರೀಕ್ಷೆಯ ತಿರುಳು. ವೃತ್ತಿಯ ಸಾಹಿತಿಗೆ ಶೈಲಿ ಬಂಡವಾಳ. ಹವ್ಯಾಸಿಗೆ ತಿಳಿವೇ ಬಂಡವಾಳ. ಬಿ.ಜಿ.ಎಲ್. ಸ್ವಾಮಿಯವರು ವೃತ್ತಿಯಿಂದ ಸಸ್ಯಶಾಸ್ತ್ರಜ್ಞರು. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಬೆಟ್ಟಗಳಲ್ಲಿ ಗಿಡಮರಗಳನ್ನು ಹುಡುಕಿ ಅಲೆದ ಅನುಭವವನ್ನು ‘ಹಸುರು ಹೊನ್ನು’ ಪುಸ್ತಕದಲ್ಲಿ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅವರ ವಿನೋದ ನಮ್ಮನ್ನು ನಗಿಸುತ್ತದೆ, ನಿಜ. ಆದರೆ ಆ ವಿನೋದದ ಬೇರಿರುವುದು ಗಿಡವನ್ನು ಗಿಡವೆಂದು ಬಲ್ಲವನ ಜ್ಞಾನದಲ್ಲಿ. ನೀರಿನ ಇಳಿತವನ್ನು ಕೋಲಿಗೆ ಕಚ್ಚು ಹಾಕಿ ಅಳೆದ ಒಕ್ಕಲಿಗನದೂ ಅದೇ ಜಾತಿಯ ಜ್ಞಾನ.

ಎರಡನೆಯದು, ಬರೆಯುವವನು ಕಂದೀಲನ್ನು ಎಲ್ಲಿ ಹಿಡಿದಿದ್ದಾನೆ ಎಂಬ ಪರೀಕ್ಷೆ. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವವನು ಕಂದೀಲನ್ನು ಬದುವಿನ ಕಡೆಗೆ ಹಿಡಿಯುತ್ತಾನೆ. ತನ್ನ ಮುಖದ ಕಡೆಗೆ ಹಿಡಿದರೆ ಅವನಿಗೂ ದಾರಿ ಕಾಣದು, ಹಿಂದೆ ಬರುವವನಿಗೂ ಕಾಣದು. ಆತ್ಮೀಯ ಬರಹದಲ್ಲಿ ‘ನಾನು’ ಇದ್ದೇ ಇರುತ್ತದೆ, ಇರಲೂಬೇಕು. ಆದರೆ ಆ ‘ನಾನು’ ತಾನೆಷ್ಟು ಒಳ್ಳೆಯವನೆಂದು ತೋರಿಸಲು ಬಂದಿದೆಯೋ, ಕಂಡದ್ದನ್ನು ತೋರಿಸಲು ಬಂದಿದೆಯೋ? ‘ಮಾತೃದೇವತೆಯನ್ನು ಹೆಗಲ ಮೇಲೆ ಹೊತ್ತು’ ಎಂಬಲ್ಲಿ ಬೆಳಕು ಬರೆದವನ ಮುಖದ ಮೇಲಿದೆ. ‘ಎಮ್ಮಿ ಬಿಚ್ಚಿದ ಮ್ಯಾಲ ಅವ್ವನ ನೆನಪಾತು’ ಎಂಬಲ್ಲಿ ಆ ರಾತ್ರಿಯ ಮೇಲೆ, ಗಾಬರಿಗೊಂಡ ಮನುಷ್ಯನ ಮನಸ್ಸು ನಡೆಯುವ ರೀತಿಯ ಮೇಲೆ, ಬೆಳಕಿದೆ. ತನಗೆ ಅಷ್ಟೊಂದು ಗೌರವ ತಾರದ ಸತ್ಯವನ್ನೂ ಬಿಡದೆ ಹೇಳುವುದು ಈ ಪ್ರಕಾರದ ದೊಡ್ಡ ಗುಣ.

ಹೊರಗಿನ ಸಾಹಿತ್ಯದಲ್ಲಿಯೂ ಇದಕ್ಕೆ ಒಳ್ಳೆಯ ಸಾಕ್ಷಿಯಿದೆ. ಇಂಗ್ಲೆಂಡಿನ ನೌಕಾಪಡೆಯ ಕಚೇರಿಯ ಅಧಿಕಾರಿಯಾಗಿದ್ದ ಸ್ಯಾಮ್ಯುಅಲ್ ಪೀಪ್ಸನು 1660ರಿಂದ 1669ರ ವರೆಗೆ ಶೀಘ್ರಲಿಪಿಯಲ್ಲಿ ದಿನಚರಿ ಬರೆದನು. ಅವನು ತೀರಿಕೊಂಡ ಎಷ್ಟೋ ಕಾಲದ ಅನಂತರ, 1825ರಲ್ಲಿ, ಅದು ಮೊದಲ ಬಾರಿಗೆ ಪುಸ್ತಕವಾಗಿ ಬಂದಿತು. 1666ರಲ್ಲಿ ಲಂಡನ್ ನಗರ ಹೊತ್ತಿ ಉರಿಯುವಾಗ ತಾನು ತೋಟದಲ್ಲಿ ಗುಂಡಿ ತೋಡಿ ದ್ರಾಕ್ಷಾಮದ್ಯವನ್ನೂ ಪಾರ್ಮೆಸಾನ್ ಗಿಣ್ಣವನ್ನೂ ಹೂತಿಟ್ಟೆನೆಂದು ಅವನು ಬರೆದಿದ್ದಾನೆ. ಮಹಾನಗರಿ ಬೂದಿಯಾಗುವಾಗ ಗಿಣ್ಣದ ಚಿಂತೆಯೆ! ನನ್ನಂತಹ ಪರೀಕ್ಷಕನ ಕೈಗೆ ಸಿಕ್ಕಿದ್ದರೆ ಅಲ್ಲಿಯೂ ಒಂದು ‘ಔಚಿತ್ಯಭಂಗ’ ಬೀಳುತ್ತಿತ್ತು. ಆದರೆ ಮೂರೂವರೆ ಶತಮಾನಗಳ ಅನಂತರವೂ ಆ ಬೆಂಕಿಯನ್ನು ನಾವು ನಂಬುವುದು ಆ ಗಿಣ್ಣದಿಂದ. ಔಚಿತ್ಯವೆಂಬ ದೊಡ್ಡ ಮಾತನ್ನು ನಮಗೆ ಕೊಟ್ಟ ಕಾಶ್ಮೀರದ ಕ್ಷೇಮೇಂದ್ರನು ಯಾವುದಕ್ಕೆ ಯಾವುದು ತಕ್ಕುದೆಂದು ವಿಚಾರ ಮಾಡಿದನು. ನಾನು ಆ ಮಾತನ್ನು ‘ಸಭೆಗೆ ಶೋಭಿಸುವುದು’ ಎಂಬ ಅರ್ಥಕ್ಕೆ ಇಳಿಸಿದೆನು. ಆ ರಾತ್ರಿಗೆ ತಕ್ಕ ವಾಕ್ಯ ಅದೊಂದೇ ಆಗಿತ್ತು.

ಮೂರನೆಯದು ಭಾಷೆಯ ಪರೀಕ್ಷೆ. ಬರೆದವನು ಈ ಮಾತನ್ನು ದುಡಿದು ತಂದನೋ, ಕಡ ತಂದನೋ? ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಬಹುಮಂದಿ ಇಂದಿನ ಅರ್ಥದಲ್ಲಿ ಸಾಹಿತಿಗಳೇ ಅಲ್ಲ. ಒಬ್ಬನು ದೋಣಿ ನಡೆಸುವವನು. ಒಬ್ಬಳು ನೆಲಕ್ಕೆ ಬಿದ್ದ ಅಕ್ಕಿ ಆಯುವವನ ಹೆಂಡತಿ. ಅಂಗಳದಿಂದಲೂ ಅಡುಗೆಯ ಮನೆಯಿಂದಲೂ ಬಂದ ಮಾತು ಅವರ ಕೈಯಲ್ಲಿ ಅನುಭಾವದ ತೂಕವನ್ನು ಹೊತ್ತಿತು. ಸೂಳೆ ಸಂಕವ್ವೆಯದೆಂದು ನಮಗೆ ದೊರೆತಿರುವುದು ಒಂದೇ ಒಂದು ವಚನ. ಆ ಒಂದರಿಂದಲೇ ಅವಳು ಉಳಿದಿದ್ದಾಳೆ. ಈ ವಚನಗಳನ್ನು ಮನೆಮನೆ ತಿರುಗಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಫ.ಗು. ಹಳಕಟ್ಟಿಯವರೂ ವೃತ್ತಿಯಿಂದ ವಿಜಾಪುರದ ವಕೀಲರು. ಬರೆದವರೂ ಹವ್ಯಾಸಿಗಳು, ಉಳಿಸಿದವರೂ ಹವ್ಯಾಸಿಗಳು! 1112ರಲ್ಲಿ ಮುಳುಗುಂದದ ನಯಸೇನನು ಕನ್ನಡದಲ್ಲಿ ಸಂಸ್ಕೃತವನ್ನು ತುರುಕುವವರನ್ನು ಕುರಿತು, ತುಪ್ಪಕ್ಕೆ ಎಣ್ಣೆಯನ್ನು ಬೆರೆಸುವುದು ತಕ್ಕುದೆ ಎಂದು ಕೇಳಿದ್ದನು. ಒಕ್ಕಲಿಗನ ಮನೆಯ ತುಪ್ಪಕ್ಕೆ ನನ್ನ ಕಾಲೇಜಿನ ಎಣ್ಣೆಯನ್ನು ಹೊಯ್ದವನು ನಾನೇ.

ಘೋಡಗೇರಿಯ ಮಾತು ಬಂದಾಗ ಚಂದ್ರಶೇಖರ ಕಂಬಾರರ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. 1937ರಲ್ಲಿ ಇದೇ ಊರಿನ ಕಮ್ಮಾರರ ಮನೆಯಲ್ಲಿ ಹುಟ್ಟಿದ ಅವರು ಈ ಸೀಮೆಯ ಮಾತನ್ನೇ ಹಿಡಿದು ‘ಹೇಳತೇನ ಕೇಳ’ದಿಂದ ‘ಜೋಕುಮಾರಸ್ವಾಮಿ’, ‘ಕರಿಮಾಯಿ’, ‘ಸಿರಿಸಂಪಿಗೆ’ಗಳ ವರೆಗೆ ನಡೆದು, 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದರು. ಇವರನ್ನು ಇಟ್ಟುಕೊಂಡು ಪರೀಕ್ಷಕರಾದ ನಾವು ಎರಡು ತಪ್ಪು ಮಾಡುತ್ತೇವೆ. ತರಗತಿಯಲ್ಲಿ ಕಂಬಾರರ ಭಾಷೆಯನ್ನು ಕೊಂಡಾಡಿ, ಅದೇ ಭಾಷೆಯಲ್ಲಿ ಹುಡುಗನು ಪ್ರಬಂಧ ಬರೆದರೆ ಕೆಂಪು ಗೆರೆ ಎಳೆಯುತ್ತೇವೆ. ಇದು ಮೊದಲನೆಯ ತಪ್ಪು. ಈ ಸೀಮೆಯಿಂದ ಬಂದ ಬರಹವನ್ನೆಲ್ಲ ಕಂಬಾರರ ಪಕ್ಕದಲ್ಲಿಟ್ಟು ‘ಅಷ್ಟು ಎತ್ತರವಿಲ್ಲ’ ಎಂದು ತಳ್ಳುತ್ತೇವೆ. ಇದು ಎರಡನೆಯ ತಪ್ಪು. ಕಂಬಾರರ ಶಿವಾಪುರ ಕವಿಯು ಕಟ್ಟಿದ ಊರು. ಅಲ್ಲಿಯ ಮಾತು ಲಾವಣಿ, ಬಯಲಾಟಗಳ ಕುಲುಮೆಯಲ್ಲಿ ಕಾದು ಬಂದ ಮಾತು. ಒಕ್ಕಲಿಗನು ಊರು ಕಟ್ಟಲು ಹೊರಟವನಲ್ಲ. ತನ್ನ ಊರಿಗೆ ನೀರು ಬಂದದ್ದನ್ನು ಹೇಳಲು ಹೊರಟವನು. ಕುಡುಗೋಲನ್ನು ಕತ್ತಿಯ ಪಕ್ಕದಲ್ಲಿಟ್ಟು ಉದ್ದ ಸಾಲದೆಂದು ಹೇಳಬಾರದು. ಅದು ಕೊಯ್ಯುತ್ತದೆಯೇ ಎಂದು ನೋಡಬೇಕು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ‘ಹಾಗಾದರೆ ಆಡುಮಾತಿನಲ್ಲಿ, ತಪ್ಪು ತಪ್ಪಾಗಿ, ಮನೆಯ ಗುಟ್ಟನ್ನೆಲ್ಲ ಬಯಲು ಮಾಡಿ ಬರೆದುಬಿಟ್ಟರೆ ಒಳ್ಳೆಯ ಬರಹವಾಯಿತೆ?’ ಎಂದು ಕೇಳುವವರಿದ್ದಾರೆ. ಖಂಡಿತವಾಗಿಯೂ ಇಲ್ಲ. ಕೆಂಪು ಮಸಿಯನ್ನು ಚೆಲ್ಲಿಬಿಡಬೇಕೆಂದು ನಾನು ಹೇಳುತ್ತಿಲ್ಲ. ಆಡುಮಾತೂ ಒಂದು ಒಡವೆಯಾಗಬಲ್ಲುದು. ಹಳ್ಳಿಗನೆನ್ನಿಸಿಕೊಳ್ಳುವ ಶೋಕಿಯಿಂದ ಅದನ್ನು ಧರಿಸುವ ಪೇಟೆಯವರಿದ್ದಾರೆ. ತಪ್ಪೊಪ್ಪಿಗೆಯೂ ಒಂದು ಬಗೆಯ ಬಡಾಯಿಯಾಗಬಲ್ಲುದು. ‘ನಾನೆಷ್ಟು ಪ್ರಾಮಾಣಿಕ’ ಎಂದು ಕಂದೀಲನ್ನು ಮತ್ತೆ ಮುಖಕ್ಕೆ ಹಿಡಿದಂತೆ. ಒಕ್ಕಲಿಗನ ಮೊದಲ ಬರಹದಲ್ಲಿಯೂ ದೋಷಗಳಿದ್ದುವು. ಒಂದೇ ಸಂಗತಿ ಮೂರು ಕಡೆ ಬಂದಿತ್ತು. ನೀರು ಬಂದದ್ದು ಮೊದಲೋ, ದೀಪ ಆರಿದ್ದು ಮೊದಲೋ ಎಂಬುದು ತಿಳಿಯುತ್ತಿರಲಿಲ್ಲ. ಪರಿಹಾರದ ಕಾಗದಪತ್ರಗಳ ಗೋಳು ನಾಲ್ಕು ಪುಟ ಹರಿದು ನೆರೆಯ ರಾತ್ರಿಯನ್ನೇ ಮುಳುಗಿಸಿತ್ತು. ಇವುಗಳನ್ನು ನಾನು ಅವನಿಗೆ ತೋರಿಸಬೇಕಾಗಿತ್ತು. ‘ಇದನ್ನು ಒಮ್ಮೆ ಮಾತ್ರ ಹೇಳು, ಇದನ್ನು ಮೊದಲು ಹೇಳು, ಇಲ್ಲಿ ನಿಲ್ಲಿಸು’ ಎಂದು ಹೇಳಿದ್ದರೆ ಅವನ ಬರಹ ಅವನದೇ ಆಗಿ ಉಳಿದು ಇನ್ನಷ್ಟು ಚೊಕ್ಕವಾಗುತ್ತಿತ್ತು. ನಿಜವಾದ ದೋಷಗಳನ್ನು ಬಿಟ್ಟು, ಗುಣವನ್ನೇ ದೋಷವೆಂದು ತಿದ್ದಿದೆನು. ತಿದ್ದುವವನು ಮೊದಲು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೆ: ಈ ತಿದ್ದುಪಡಿಯಿಂದ ಅವನು ಕಂಡದ್ದು ಓದುಗನಿಗೆ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆಯೋ, ಇಲ್ಲವೆ ಬರಹ ನನ್ನ ಬರಹದಂತೆ ಕಾಣುತ್ತದೆಯೋ?

ಅಧ್ಯಾಪಕ ಮಿತ್ರರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ವಿಜ್ಞಾಪನೆ. ಪ್ರಬಂಧಸ್ಪರ್ಧೆಗಳಿಗೂ ಕಾಲೇಜಿನ ಸಂಚಿಕೆಗಳಿಗೂ ನಾವೇ ದ್ವಾರಪಾಲಕರು. ಯಾವುದಕ್ಕೆ ಬಹುಮಾನ ಕೊಡುತ್ತೇವೆಯೋ ಮುಂದಿನ ವರ್ಷ ಅದೇ ಬರುತ್ತದೆ. ಮಹಾಕಾಳಿಗೆ ಬಹುಮಾನ ಕೊಟ್ಟರೆ ಮರುವರ್ಷ ಹತ್ತು ಮಹಾಕಾಳಿಯರು ಬರುತ್ತಾರೆ. ಹೀಗೆ ವರ್ಷದಿಂದ ವರ್ಷಕ್ಕೆ ನಮ್ಮ ನಾಡಿನ ನದಿಗಳೆಲ್ಲ ಒಂದೇ ನದಿಯಾಗಿ, ತಾಯಂದಿರೆಲ್ಲ ಒಬ್ಬಳೇ ತಾಯಿಯಾಗಿ, ಹಳ್ಳಿಗಳೆಲ್ಲ ಒಂದೇ ಹಳ್ಳಿಯಾಗಿ ಹೋಗುತ್ತವೆ. ನಾಳೆ ಯಾರಾದರೂ 2019ರ ನೆರೆಯಲ್ಲಿ ಈ ಸೀಮೆಯ ಜನ ಹೇಗೆ ಬದುಕಿದರೆಂದು ತಿಳಿಯಲು ಬಯಸಿದರೆ, ಸರಕಾರದ ಕಡತದಲ್ಲಿ ಕುಸಿದ ಮನೆಗಳ ಲೆಕ್ಕ ಸಿಕ್ಕೀತು. ಕಬ್ಬಿನ ಸುಳಿಯ ಮೇಲಿನ ಹಾವು ಎಲ್ಲಿ ಸಿಕ್ಕೀತು?

ಕೊನೆಯ ಮಾತು. ಆ ಹೊಸ ನೋಟುಬುಕ್ಕನ್ನು ಓದಿದ ಮೇಲೆ ನಾನೇ ಅವನ ಊರಿಗೆ ಹೋದೆನು. ಹೋಗುವಾಗ ಅವನ ಹಳೆಯ ಬರಹವನ್ನೂ ತೆಗೆದುಕೊಂಡು ಹೋದೆನು. ದೈವವಶಾತ್ ಅದು ನನ್ನ ಕಪಾಟಿನಲ್ಲಿಯೇ ಉಳಿದಿತ್ತು. ಕಟ್ಟೆಯ ಮೇಲೆ ಕುಳಿತು, ‘ನಾನು ಗೆರೆ ಎಳೆದ ಈ ವಾಕ್ಯವಿದೆಯಲ್ಲ, ಇದು ನಿಮ್ಮ ಬರಹದ ಜೀವ. ನಾನು ತಪ್ಪಿದೆ’ ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ ಹೇಳಿದನು: ‘ಅದರ ಮುಂದ ಇನ್ನೊಂದು ಮಾತ ಬರಿಯೂದಿತ್ರಿ. ಆ ರಾತ್ರಿ ಅವ್ವನ ಹೊತಗೊಂಡು ಹೊಂಟಾಗ, ತಪ್ಪಾತು ಅವ್ವಾ, ಮೊದಲ ಎಮ್ಮಿ ಬಿಚ್ಚಿದೆ ಅಂದೆ. ಚಲೋ ಮಾಡಿದಿ ಬಿಡೋ ಮಗನ, ಅವನ್ನ ಕಟ್ಟಿತ್ತು, ನನ್ನೇನ ಕಟ್ಟಿರಲಿಲ್ಲ ಅಂದ್ಲರಿ. ಬಹುಮಾನ ಆದ ಮ್ಯಾಲ ಸೇರಿಸೂಣು ಅಂತಿದ್ದೆ. ನೀವು ಮೊದಲಿನ ಮಾತ ಹೊಡದ ಹಾಕಿದ ಮ್ಯಾಲ ಇದಕ್ಕ ಜಾಗಾ ಉಳಿಲಿಲ್ಲ. ಹ್ವಾದ ವರ್ಷ ಅವ್ವ ತೀರಿಕೊಂಡ್ಲರಿ.’

ನಾನು ಹಳೆಯ ನೋಟುಬುಕ್ಕನ್ನು ಅವನ ಕೈಗೆ ಕೊಟ್ಟು, ಜೇಬಿನಿಂದ ಲೇಖನಿ ತೆಗೆದು ಮುಂದೆ ಹಿಡಿದೆನು. ಅಂಚಿನಲ್ಲಿ, ನನ್ನ ಕೆಂಪು ಅಕ್ಷರಗಳ ಕೆಳಗೆ, ಅವನು ತಾಯಿಯ ಆ ಮಾತನ್ನು ಬರೆದನು. ಪೂರ್ಣವಿರಾಮ ಹಾಕಲಿಲ್ಲ. ನಾನೂ ಹಾಕೆಂದು ಹೇಳಲಿಲ್ಲ.